ಮೂರನೆಯ ಚಕ್ರದ ಬೆಲೆ: ಪ್ರವಾಸಿ ಟ್ರೈಕಿನ ಮೈಲೇಜ್ ಚರಿತ್ರೆ

ಮೋಟಾರ್‌ಸೈಕಲ್ಲಿಗೆ ಮೂರನೆಯ ಚಕ್ರ ಸೇರಿದಾಗ ಸವಾರನಿಗೆ ದೊರೆಯುವ ಲಾಭ ಸಮತೋಲನ. ಅದಕ್ಕಾಗಿ ಅವನು ತೆರುವ ಬೆಲೆ ಇಂಧನ. ದ್ವಿಚಕ್ರ ವಾಹನ ನಿಂತೊಡನೆ ಕಾಲೂರಬೇಕಾದ, ಒದ್ದೆ ರಸ್ತೆಯಲ್ಲೂ ಮರಳಿನ ತಿರುವಿನಲ್ಲೂ ಎಚ್ಚರದಿಂದಿರಬೇಕಾದ ಕಷ್ಟದಿಂದ ತ್ರಿಚಕ್ರ ವಾಹನವು ಸವಾರನನ್ನು ಬಹುಮಟ್ಟಿಗೆ ಬಿಡಿಸುತ್ತದೆಯಾದರೂ, ಅದರ ಅಗಲ ಹೆಚ್ಚು, ತೂಕ ಹೆಚ್ಚು, ನೆಲಕ್ಕೆ ಉಜ್ಜುವ ಟೈರೂ ಹೆಚ್ಚು. ದೂರದ ಪ್ರಯಾಣಕ್ಕೆಂದು ರೂಪುಗೊಂಡ, ಇಬ್ಬರು ಕೂತು ಸಾಮಾನು ತುಂಬಿಕೊಂಡು ಹೋಗಬಹುದಾದ ಇಂದಿನ ಪ್ರವಾಸಿ ತ್ರಿಚಕ್ರಿಗಳು, ಅಂದರೆ ಬಳಕೆಯ ಮಾತಿನಲ್ಲಿ ‘ಟ್ರೈಕು’ಗಳು, ಸಣ್ಣ ಕಾರಿನಷ್ಟೇ ಪೆಟ್ರೋಲು ಕುಡಿಯುವುದೇಕೆ ಮತ್ತು ಅದನ್ನು ಕಡಿಮೆ ಮಾಡುವ ದಾರಿ ಯಾವುದು ಎಂಬ ಪ್ರಶ್ನೆಗೆ ಉತ್ತರವು ಈ ವಾಹನದ ಸುಮಾರು 140 ವರ್ಷಗಳ ಇತಿಹಾಸದಲ್ಲೇ ಇದೆ.

ಚಲಿಸುವ ವಾಹನದ ಎಂಜಿನ್ನು ಮುಖ್ಯವಾಗಿ ಮೂರು ತಡೆಗಳನ್ನು ಮೀರಬೇಕಾಗುತ್ತದೆ. ಮೊದಲನೆಯದು ಗಾಳಿಯ ತಡೆ. ಇದು ವಾಹನದ ಆಕಾರವನ್ನೂ ಅದು ಗಾಳಿಗೆ ಒಡ್ಡುವ ಮುಂಭಾಗದ ವಿಸ್ತಾರವನ್ನೂ ಅವಲಂಬಿಸಿದ್ದು, ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದರಿಂದ ವೇಗ ಇಮ್ಮಡಿಯಾದರೆ ತಡೆ ನಾಲ್ಕು ಪಟ್ಟಾಗುತ್ತದೆ. ಎರಡನೆಯದು ಉರುಳು ತಡೆ, ಅಂದರೆ ಟೈರು ಉರುಳುವಾಗ ನೆಲಕ್ಕೊತ್ತಿ ಚಪ್ಪಟೆಯಾಗಿ ಮತ್ತೆ ದುಂಡಗಾಗುವಲ್ಲಿ ವ್ಯಯವಾಗುವ ಶಕ್ತಿ. ಇದು ತೂಕ ಹೆಚ್ಚಿದಂತೆಯೂ ಟೈರಿನ ಗಾಳಿ ಇಳಿದಂತೆಯೂ ಏರುತ್ತದೆ. ಮೂರನೆಯದು ತೂಕವನ್ನು ನಿಂತಲ್ಲಿಂದ ಎಬ್ಬಿಸಿ ಓಡಿಸಲು ಮತ್ತು ದಿಬ್ಬ ಹತ್ತಿಸಲು ಬೇಕಾಗುವ ಶ್ರಮ. ಇವಲ್ಲದೆ ಎಂಜಿನ್ನು ತನ್ನೊಳಗಿನ ಘರ್ಷಣೆಗೂ ಗಾಳಿಯನ್ನು ಒಳಗೆಳೆದುಕೊಳ್ಳುವ ಕೆಲಸಕ್ಕೂ ಇಂಧನದ ಒಂದು ಪಾಲನ್ನು ಕಳೆದುಕೊಳ್ಳುತ್ತದೆ. ತ್ರಿಚಕ್ರಿಯ ಮೈಲೇಜ್ ಸುಧಾರಿಸಲು ನಡೆದ ಪ್ರಯತ್ನಗಳೆಲ್ಲ ಈ ಖರ್ಚುಗಳಲ್ಲಿ ಯಾವುದಾದರೊಂದನ್ನು ತಗ್ಗಿಸುವ ಪ್ರಯತ್ನಗಳೇ ಆಗಿವೆ.

ಪೆಟ್ರೋಲ್ ವಾಹನದ ಚರಿತ್ರೆ ಆರಂಭವಾಗುವುದೇ ಮೂರು ಚಕ್ರಗಳಿಂದ. ಜರ್ಮನಿಯ ಮಾನ್‌ಹೈಮ್ ನಗರದ ಕಾರ್ಲ್ ಬೆಂಜ್ 1886ರ ಜನವರಿ 29ರಂದು ಹಕ್ಕುಸ್ವಾಮ್ಯಕ್ಕೆ ಸಲ್ಲಿಸಿದ ‘ಮೋಟಾರ್‌ವಾಗನ್’ ಮುಂದೆ ಒಂದು, ಹಿಂದೆ ಎರಡು ಚಕ್ರಗಳ ಗಾಡಿಯಾಗಿದ್ದು, ಅದರ 954 ಸಿಸಿಯ ಒಂಟಿ ಸಿಲಿಂಡರ್ ಎಂಜಿನ್ನು ಒಂದು ಅಶ್ವಶಕ್ತಿಯನ್ನೂ ಮುಟ್ಟುತ್ತಿರಲಿಲ್ಲ. 1888ರ ಆಗಸ್ಟಿನಲ್ಲಿ ಅವನ ಪತ್ನಿ ಬರ್ತಾ ಬೆಂಜ್ ಇಬ್ಬರು ಗಂಡುಮಕ್ಕಳೊಂದಿಗೆ ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ನೂರಕ್ಕೂ ಹೆಚ್ಚು ಕಿಲೋಮೀಟರ್ ಇದರ ಸುಧಾರಿತ ಮಾದರಿಯಲ್ಲಿ ಸಾಗಿದಳು. ಪೆಟ್ರೋಲ್ ಬಂಕುಗಳಿಲ್ಲದ ಆ ಕಾಲದಲ್ಲಿ ‘ಲಿಗ್ರೋಯಿನ್’ ಎಂಬ ತೆಳುವಾದ ಪೆಟ್ರೋಲಿಯಂ ದ್ರಾವಕವನ್ನು ವೀಸ್‌ಲಾಖ್ ಊರಿನ ಔಷಧದಂಗಡಿಯಲ್ಲಿ ಕೊಂಡು ತುಂಬಿಸಬೇಕಾಯಿತು. ಕಡಿದಾದ ಏರುಗಳಲ್ಲಿ ಗಾಡಿಯನ್ನು ತಳ್ಳಬೇಕಾಯಿತು. ಆ ಅನುಭವದ ನಂತರ ಏರು ಹತ್ತಲು ಮತ್ತೊಂದು ಗೇರನ್ನು ಸೇರಿಸಲಾಯಿತು. ಎಂಜಿನ್ನಿನ ಸುತ್ತಿಗೂ ಚಕ್ರದ ಸುತ್ತಿಗೂ ಇರುವ ಅನುಪಾತವೇ ಗೇರು. ಆ ಅನುಪಾತವನ್ನು ದಾರಿಗೆ ತಕ್ಕಂತೆ ಹೊಂದಿಸಬೇಕೆಂಬ ಅರಿವು ತ್ರಿಚಕ್ರಿಯ ಮೊದಲ ದೂರಪ್ರಯಾಣದಲ್ಲೇ ಮೂಡಿದ್ದು ಗಮನಾರ್ಹ.

ಹಗುರತನವೇ ಮಿತವ್ಯಯದ ಮೂಲವೆಂಬುದನ್ನು ತೋರಿಸಿಕೊಟ್ಟವರು ಫ್ರಾನ್ಸಿನವರು. ಕೌಂಟ್ ಆಲ್ಬರ್ಟ್ ದ ದಿಯೋನ್ ಮತ್ತು ಜಾರ್ಜ್ ಬೂತೋನ್ 1895ರಲ್ಲಿ ಸೈಕಲ್ಲಿನಂಥ ಚೌಕಟ್ಟಿಗೆ, ಹಿಂದಿನ ಅಚ್ಚಿನ ಬಳಿ, 137 ಸಿಸಿಯ ಪುಟ್ಟ ಎಂಜಿನ್ನನ್ನು ಜೋಡಿಸಿದರು. ಇತರರ ಎಂಜಿನ್ನುಗಳು ನಿಮಿಷಕ್ಕೆ ಸಾವಿರ ಸುತ್ತುಗಳನ್ನು ದಾಟಲು ಹೆಣಗುತ್ತಿದ್ದಾಗ ಇದು ಬ್ಯಾಟರಿ ಮತ್ತು ಕಾಯಿಲಿನ ನೆರವಿನ ಕಿಡಿಯಿಂದ 1,500ಕ್ಕೂ ಮೀರಿ ಸುತ್ತಬಲ್ಲದಾಗಿತ್ತು. ಎಂಜಿನ್ನು ಚಿಕ್ಕದಾದಷ್ಟೂ ಚೌಕಟ್ಟು ಹಗುರವಾಗಬಹುದು, ಚೌಕಟ್ಟು ಹಗುರವಾದಷ್ಟೂ ಚಿಕ್ಕ ಎಂಜಿನ್ನೇ ಸಾಕಾಗುತ್ತದೆ ಎಂಬ ಸರಪಣಿ ಇಲ್ಲಿ ಮೊದಲ ಬಾರಿಗೆ ಸ್ಪಷ್ಟವಾಯಿತು. 1901ರ ಹೊತ್ತಿಗೆ ಇಂಥ ಸುಮಾರು 15,000 ತ್ರಿಚಕ್ರಿಗಳು ಮಾರಾಟವಾಗಿದ್ದವು.

ಇಂಗ್ಲೆಂಡಿನಲ್ಲಿ ಈ ಹಗುರತನಕ್ಕೆ ಕಾನೂನಿನ ಬೆಂಬಲವೂ ದೊರೆಯಿತು. ಮಾಲ್ವರ್ನ್ ಲಿಂಕ್ ಎಂಬಲ್ಲಿ ಎಚ್.ಎಫ್.ಎಸ್. ಮಾರ್ಗನ್ 1909ರಲ್ಲಿ ತನ್ನ ಮೊದಲ ತ್ರಿಚಕ್ರಿಯನ್ನು ಕಟ್ಟಿ, ಮರುವರ್ಷ ಲಂಡನ್ನಿನ ಒಲಿಂಪಿಯಾ ಪ್ರದರ್ಶನದಲ್ಲಿ ಅದನ್ನು ಜನರ ಮುಂದಿಟ್ಟನು. ಬೆಂಜ್‌ನ ಕ್ರಮಕ್ಕೆ ತಿರುವುಮುರುವಾಗಿ ಮುಂದೆ ಎರಡು, ಹಿಂದೆ ಒಂದು ಚಕ್ರವಿದ್ದ ಈ ವಾಹನದಲ್ಲಿ ಹಿಂದಿನ ಒಂಟಿ ಚಕ್ರವನ್ನೇ ಸರಪಳಿ ತಿರುಗಿಸುತ್ತಿದ್ದುದರಿಂದ ಡಿಫರೆನ್ಷಿಯಲ್‌ನ, ಅಂದರೆ ತಿರುವಿನಲ್ಲಿ ಎಡಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ಸುತ್ತಲು ಬೇಕಾದ ಹಲ್ಲುಚಕ್ರಗಳ ಜೋಡಣೆಯ, ಭಾರವೂ ನಷ್ಟವೂ ಇರಲಿಲ್ಲ. 1921ರಿಂದ ಬ್ರಿಟನ್ನಿನಲ್ಲಿ ಕಾರುಗಳಿಗೆ ಅಶ್ವಶಕ್ತಿಯೊಂದಕ್ಕೆ ಒಂದು ಪೌಂಡಿನಂತೆ ವಾರ್ಷಿಕ ತೆರಿಗೆ ಬಿದ್ದಾಗ, 8 ಹಂಡ್ರೆಡ್‌ವೇಟ್ ಅಂದರೆ ಸುಮಾರು 406 ಕಿಲೋಗ್ರಾಂ ಮೀರದ ತ್ರಿಚಕ್ರಿಗಳಿಗೆ ಕೇವಲ 4 ಪೌಂಡು ನಿಗದಿಯಾಯಿತು. ತಯಾರಕನು ಪ್ರತಿ ಕಿಲೋವನ್ನೂ ಲೆಕ್ಕವಿಟ್ಟು ಕಟ್ಟುವಂತೆ ಮಾಡಿದ್ದು ಈ ಮಿತಿ. ಇಂದಿನ ದೊಡ್ಡ ಪ್ರವಾಸಿ ಟ್ರೈಕುಗಳು ಸವಾರನಿಲ್ಲದೆಯೇ ಈ ಗೆರೆಯನ್ನು ದಾಟುತ್ತವೆ ಎಂಬುದನ್ನು ನೆನೆದರೆ ನಡುವಿನ ಶತಮಾನದಲ್ಲಿ ಆದ ಬದಲಾವಣೆಯ ಅಳತೆ ಸಿಗುತ್ತದೆ.

ಅನಂತರ ತ್ರಿಚಕ್ರಿಯು ದುಡಿಮೆಯ ವಾಹನವಾಯಿತು. ಅಮೆರಿಕದ ಹಾರ್ಲೆ-ಡೇವಿಡ್‌ಸನ್ ಸಂಸ್ಥೆ 1932ರಿಂದ 1973ರವರೆಗೆ ತಯಾರಿಸಿದ ‘ಸರ್ವಿ-ಕಾರ್’ ಗ್ಯಾರೇಜುಗಳಿಗೂ ಪೊಲೀಸರಿಗೂ ಉಪಯೋಗವಾಯಿತು. ಇಟಲಿಯಲ್ಲಿ ವೆಸ್ಪಾ ಸ್ಕೂಟರನ್ನು ರೂಪಿಸಿದ ಕೊರಾದಿನೋ ದಾಸ್ಕಾನಿಯೋ ಅದೇ ಎಂಜಿನ್ನನ್ನು ಬಳಸಿ ಕಲ್ಪಿಸಿದ ‘ಆಪೆ’ 1948ರಲ್ಲಿ ಬಂತು. 1959ರಲ್ಲಿ ಬಜಾಜ್ ಸಂಸ್ಥೆಗೆ ದ್ವಿಚಕ್ರ ಮತ್ತು ತ್ರಿಚಕ್ರ ವಾಹನಗಳ ತಯಾರಿಕೆಗೆ ಪರವಾನಗಿ ದೊರೆತ ಮೇಲೆ ಈ ವಂಶದ ಆಟೋರಿಕ್ಷಾ ಭಾರತದ ನಗರಗಳನ್ನು ತುಂಬಿತು. ಅದರ ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಹೊಸ ಪೆಟ್ರೋಲು ಒಳಬರುವ ದಾರಿಯೂ ಹೊಗೆ ಹೊರಹೋಗುವ ದಾರಿಯೂ ಕೆಲ ಕ್ಷಣ ಒಟ್ಟಿಗೇ ತೆರೆದಿರುತ್ತಿದ್ದುದರಿಂದ ಉರಿಯದ ಇಂಧನದ ಗಣನೀಯ ಪಾಲು ಹೊಗೆಯ ಜೊತೆಗೇ ಹೊರಬೀಳುತ್ತಿತ್ತು. ಬೆಂಗಳೂರಿನ ಆಟೋಗಳು ಈ ಶತಮಾನದ ಆರಂಭದ ವರ್ಷಗಳಲ್ಲಿ ಎಲ್‌ಪಿಜಿಗೂ ಫೋರ್-ಸ್ಟ್ರೋಕ್ ಎಂಜಿನ್ನುಗಳಿಗೂ ಹೊರಳಿದ್ದರಲ್ಲಿ ಹೊಗೆಯ ಚಿಂತೆಯಷ್ಟೇ ಚಾಲಕರ ದಿನದ ಇಂಧನದ ಲೆಕ್ಕವೂ ಸೇರಿತ್ತು.

ಗಾಳಿಯ ತಡೆಯನ್ನು ತ್ರಿಚಕ್ರಿಗಳಲ್ಲಿ ಅತ್ಯಂತ ಜಾಣ್ಮೆಯಿಂದ ತಗ್ಗಿಸಿದ್ದು ಯುದ್ಧೋತ್ತರ ಜರ್ಮನಿಯ ‘ಮೆಸರ್‌ಸ್ಮಿಟ್ ಕೆಆರ್200’. ವಿಮಾನ ತಯಾರಿಕೆಗೆ ನಿಷೇಧವಿದ್ದ ಆ ದಿನಗಳಲ್ಲಿ ಫ್ರಿಟ್ಸ್ ಫೆಂಡ್ ಎಂಬ ಎಂಜಿನಿಯರನ ವಿನ್ಯಾಸವನ್ನು ವಿಮಾನದ ಕಾರ್ಖಾನೆಯೇ ಕೈಗೆತ್ತಿಕೊಂಡು 1955ರಲ್ಲಿ ಈ ಮಾದರಿಯನ್ನು ಹೊರತಂದಿತು. ಇದರಲ್ಲಿ ಇಬ್ಬರು ಅಕ್ಕಪಕ್ಕ ಕೂರದೆ ಮೋಟಾರ್‌ಸೈಕಲ್ಲಿನಂತೆ ಹಿಂದೆಮುಂದೆ ಕೂರುತ್ತಿದ್ದುದರಿಂದ ಮುಂಭಾಗದ ವಿಸ್ತಾರ ಕಿರಿದಾಯಿತು. ಮೇಲಿನ ಪಾರದರ್ಶಕ ಗುಮ್ಮಟ ಗಾಳಿಯನ್ನು ನಯವಾಗಿ ಹಿಂದಕ್ಕೆ ಜಾರಿಸಿತು. 191 ಸಿಸಿಯ, ಸುಮಾರು 10 ಅಶ್ವಶಕ್ತಿಯ ಎಂಜಿನ್ನೊಂದು ಈ ಹಗುರ ವಾಹನವನ್ನು ಗಂಟೆಗೆ 90 ಕಿಲೋಮೀಟರಿನಷ್ಟು ವೇಗದಲ್ಲಿ ಓಡಿಸಿ, ಲೀಟರಿಗೆ 30 ಕಿಲೋಮೀಟರಿನ ಆಸುಪಾಸು ಮೈಲೇಜ್ ಕೊಡುತ್ತಿತ್ತು. 1956ರ ಸೂಯೆಜ್ ಬಿಕ್ಕಟ್ಟಿನಿಂದ ಯುರೋಪಿನಲ್ಲಿ ಪೆಟ್ರೋಲು ದುರ್ಲಭವಾದಾಗ ಇಂಥ ಪುಟ್ಟ ವಾಹನಗಳಿಗೆ ಬೇಡಿಕೆ ಹೆಚ್ಚಿತು. ತೈಲ ಮತ್ತೆ ಅಗ್ಗವಾಗಿ ಜನರ ಆದಾಯ ಏರಿದೊಡನೆ ಅವರು ನಾಲ್ಕು ಚಕ್ರದ ಕಾರುಗಳತ್ತ ಸರಿದುದರಿಂದ 1964ರಲ್ಲಿ ಇದರ ತಯಾರಿಕೆ ನಿಂತಿತು.

ಪ್ರವಾಸಿ ಟ್ರೈಕಿನ ನೇರ ಪೂರ್ವಜ ಹುಟ್ಟಿದ್ದು ಮತ್ತೊಂದು ತೈಲ ಬಿಕ್ಕಟ್ಟಿನ ನೆರಳಿನಲ್ಲಿ. 1973ರ ತೈಲ ನಿರ್ಬಂಧದ ಬಳಿಕ ಅಮೆರಿಕವು 1974ರಲ್ಲಿ ಹೆದ್ದಾರಿಗಳ ವೇಗವನ್ನು ಗಂಟೆಗೆ 55 ಮೈಲಿಗೆ, ಅಂದರೆ ಸುಮಾರು 88 ಕಿಲೋಮೀಟರಿಗೆ ಮಿತಿಗೊಳಿಸಿತು. ಅದೇ ವರ್ಷ ಹೋಂಡಾ ತನ್ನ ‘ಗೋಲ್ಡ್ ವಿಂಗ್’ ಮೋಟಾರ್‌ಸೈಕಲ್ಲನ್ನು ಪ್ರದರ್ಶಿಸಿತು. ಆರಂಭದಲ್ಲಿ 1000 ಸಿಸಿ ವರ್ಗದ ನಾಲ್ಕು ಸಿಲಿಂಡರುಗಳಿದ್ದ ಈ ವಾಹನ 1988ರಲ್ಲಿ 1,520 ಸಿಸಿಯ ಆರು ಸಿಲಿಂಡರುಗಳನ್ನೂ 2001ರಲ್ಲಿ 1,832 ಸಿಸಿಯನ್ನೂ ಪಡೆಯಿತು. ಇಂಥ ಬಲಿಷ್ಠ ಬೈಕುಗಳ ಹಿಂದಿನ ಚಕ್ರವನ್ನು ಕಳಚಿ, ಎರಡು ಚಕ್ರಗಳ ಅಚ್ಚನ್ನು ಕೂರಿಸಿ ಟ್ರೈಕಾಗಿ ಮಾರ್ಪಡಿಸುವ ಕಸುಬು ಅಮೆರಿಕದಲ್ಲಿ ಬೆಳೆಯಿತು. ಹಾರ್ಲೆ-ಡೇವಿಡ್‌ಸನ್ ಸ್ವತಃ 2009ರ ಮಾದರಿಯಾಗಿ ‘ಟ್ರೈ ಗ್ಲೈಡ್’ ಹೊರತಂದಿತು. ಈ ಮಾರ್ಪಾಡಿನಲ್ಲಿ ಡಿಫರೆನ್ಷಿಯಲ್ ಮರಳಿ ಬಂದು, ಅಗಲವಾದ ಕಾರಿನ ಟೈರುಗಳು ಸೇರಿಕೊಂಡವು. ಮಾರ್ಗನ್ ಮತ್ತು ಫೆಂಡ್ ಉಳಿಸಿದ್ದನ್ನೆಲ್ಲ ಆರಾಮಕ್ಕಾಗಿ ಬಿಟ್ಟುಕೊಟ್ಟ ಕಾಲವಿದು.

ಅದೇ ಕಾಲದಲ್ಲಿ ಇದಕ್ಕೆ ಎದುರಾದ ಚಿಂತನೆಯೂ ನಡೆದಿತ್ತು. ‘ವಿಂಡ್‌ಜಾಮರ್’ ಎಂಬ ಫೇರಿಂಗ್‌ನಿಂದ, ಅಂದರೆ ಸವಾರನಿಗೆ ಗಾಳಿ ಬಡಿಯದಂತೆ ಮುಂದೆ ಕೂರಿಸುವ ಕವಚದಿಂದ, ಹೆಸರಾಗಿದ್ದ ವಿನ್ಯಾಸಕ ಕ್ರೇಗ್ ವೆಟರ್ 1980ರಿಂದ 1985ರವರೆಗೆ ಅಮೆರಿಕದಲ್ಲಿ ಮೋಟಾರ್‌ಸೈಕಲ್ ಮೈಲೇಜ್ ಸ್ಪರ್ಧೆಗಳನ್ನು ನಡೆಸಿದನು. ಮುಂದೆ ದುಂಡಗೆ, ಹಿಂದಕ್ಕೆ ಉದ್ದನೆಯ ಬಾಲದಂತೆ ಕಿರಿದಾಗುವ ಕವಚಗಳನ್ನು ತೊಡಿಸಿದ ಸಣ್ಣ ಎಂಜಿನ್ನಿನ ಬೈಕುಗಳು ಕೊನೆಯ ವರ್ಷಗಳಲ್ಲಿ ಗ್ಯಾಲನ್ನಿಗೆ 400 ಮೈಲಿಯನ್ನು, ಅಂದರೆ ಲೀಟರಿಗೆ ಸುಮಾರು 170 ಕಿಲೋಮೀಟರನ್ನು ಮೀರಿದವು. ಸವಾರನಿಗೆ ಗಾಳಿ ತಾಗದಂತೆ ಮಾಡುವುದು ಬೇರೆ, ಗಾಳಿಗೆ ವಾಹನ ಅಡ್ಡಿಯಾಗದಂತೆ ಮಾಡುವುದು ಬೇರೆ ಎಂಬ ಪಾಠವನ್ನು ಈ ಸ್ಪರ್ಧೆಗಳು ಕಲಿಸಿದವು. ಅಗಲವಾದ ವಿಂಡ್‌ಶೀಲ್ಡ್ ಹೊತ್ತ ಪ್ರವಾಸಿ ಟ್ರೈಕು ಮೊದಲನೆಯದನ್ನು ಸಾಧಿಸುತ್ತ ಎರಡನೆಯದನ್ನು ಬಹುಪಾಲು ಮರೆಯಿತು.

2007ರ ಫೆಬ್ರವರಿಯಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತದ ಬಿಆರ್‌ಪಿ ಸಂಸ್ಥೆ ಪ್ರಕಟಿಸಿದ ‘ಕ್ಯಾನ್-ಆಮ್ ಸ್ಪೈಡರ್’ ಮುಂದೆರಡು, ಹಿಂದೊಂದು ಚಕ್ರದ ಮಾರ್ಗನ್ ಕ್ರಮವನ್ನು ಮರಳಿ ತಂದಿತು. ಇದರ ಪ್ರವಾಸಿ ರೂಪವಾದ ‘ಸ್ಪೈಡರ್ ಆರ್‌ಟಿ’ 2010ರ ಮಾದರಿಯಾಗಿ ಬಂದಾಗ ಅದರಲ್ಲಿದ್ದುದು ರೋಟಾಕ್ಸ್ ತಯಾರಿಸಿದ 998 ಸಿಸಿಯ ಎರಡು ಸಿಲಿಂಡರಿನ ಎಂಜಿನ್ನು. ವೇಗದ ಕ್ರೀಡಾ ಬೈಕುಗಳ ಎಂಜಿನ್ ಕುಟುಂಬಕ್ಕೆ ಸೇರಿದ ಇದು ಹೆಚ್ಚು ಸುತ್ತುಗಳಲ್ಲಿ ಮಾತ್ರ ಸಲೀಸಾಗಿ ನಡೆಯುತ್ತಿದ್ದುದರಿಂದ, ಭಾರದ ಗಾಡಿಯನ್ನು ಹೆದ್ದಾರಿಯ ವೇಗದಲ್ಲಿ ಎಳೆಯುವಾಗ ಪೆಟ್ರೋಲು ಧಾರಾಳವಾಗಿ ಖರ್ಚಾಗುತ್ತಿತ್ತು. 2014ರಲ್ಲಿ ಇದಕ್ಕೆ ಬದಲಾಗಿ 1,330 ಸಿಸಿಯ ಮೂರು ಸಿಲಿಂಡರಿನ ಎಂಜಿನ್ನು ಬಂತು. ಐದು ಗೇರುಗಳು ಆರಾದವು. ತಿರುಚುಬಲ, ಅಂದರೆ ಅಚ್ಚನ್ನು ತಿರುಗಿಸುವ ಶಕ್ತಿ, 108ರಿಂದ 130 ನ್ಯೂಟನ್ ಮೀಟರಿಗೆ ಏರಿತು.

ಎಂಜಿನ್ನು ದೊಡ್ಡದಾದರೆ ಮೈಲೇಜ್ ಇಳಿಯಬೇಕೆಂಬ ರೂಢಿಯ ನಂಬಿಕೆಗೆ ಈ ಬದಲಾವಣೆ ವ್ಯತಿರಿಕ್ತವಾದ ಫಲ ಕೊಟ್ಟಿತು. ಕಡಿಮೆ ಸುತ್ತುಗಳಲ್ಲೇ ಬೇಕಾದಷ್ಟು ಬಲ ದೊರೆಯುವ ಎಂಜಿನ್ನನ್ನು ಎತ್ತರದ ಗೇರಿನಲ್ಲಿ ನಿಧಾನವಾಗಿ ಸುತ್ತಿಸಿದಾಗ ಘರ್ಷಣೆಯ ನಷ್ಟ ತಗ್ಗುತ್ತದೆ. ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಹೆಚ್ಚು ತೆರೆದಿರುವುದರಿಂದ ಗಾಳಿಯೆಳೆಯುವ ಶ್ರಮವೂ ಇಳಿಯುತ್ತದೆ. ಗೇರನ್ನು ಯಾವಾಗ ಏರಿಸಬೇಕೆಂದು ಸವಾರನಿಗೆ ಸೂಚಿಸುವ ‘ಇಕೋ’ ವ್ಯವಸ್ಥೆಯ ಹಿಂದಿರುವುದೂ ಇದೇ ತತ್ವ. ಹೀಗೆ ಆಕಾರದಲ್ಲೂ ತೂಕದಲ್ಲೂ ಬಿಟ್ಟುಕೊಟ್ಟದ್ದರ ಒಂದು ಪಾಲನ್ನು ಎಂಜಿನ್ನಿನ ಮೂಲಕ ಮರಳಿ ಪಡೆಯಲಾಯಿತು. ಆದರೂ ಲೀಟರಿಗೆ 15 ಕಿಲೋಮೀಟರಿನ ಆಸುಪಾಸಿನಲ್ಲೇ ನಿಲ್ಲುವ ಇಂದಿನ ದೊಡ್ಡ ಟ್ರೈಕು, ಅರ್ಧ ಶತಮಾನಕ್ಕೂ ಹಿಂದಿನ ಮೆಸರ್‌ಸ್ಮಿಟ್ಟಿನ ಅರ್ಧದಷ್ಟು ದೂರವನ್ನಷ್ಟೇ ಅದೇ ಇಂಧನದಲ್ಲಿ ಕ್ರಮಿಸುತ್ತದೆ. ವೇಗ, ಭಾರ, ಸುರಕ್ಷೆಗಳಲ್ಲಿ ಇವೆರಡು ಸಮಾನವಲ್ಲವಾದರೂ ಆಕಾರ ಮತ್ತು ತೂಕಗಳ ಮಹತ್ವವನ್ನು ಈ ಅಂತರ ಸಾರುತ್ತದೆ.

ಮಾಲೀಕನ ಕೈಯಲ್ಲಿ ಉಳಿಯುವ ಸುಧಾರಣೆಗಳನ್ನೂ ಈ ಚರಿತ್ರೆಯ ಬೆಳಕಿನಲ್ಲೇ ಅಳೆಯಬೇಕು. ಟೈರು ತಣ್ಣಗಿರುವಾಗ ಗಾಳಿ ಪರೀಕ್ಷಿಸಿ ತಯಾರಕರು ಹೇಳಿದ ಒತ್ತಡವನ್ನು ಕಾಯ್ದುಕೊಳ್ಳುವುದು, ಮುಂದಿನ ಎರಡು ಚಕ್ರಗಳು ಪರಸ್ಪರ ಸಮಾನಾಂತರವಾಗಿ ಓಡುವಂತೆ ವೀಲ್ ಅಲೈನ್‌ಮೆಂಟ್ ಮಾಡಿಸುವುದು ಉರುಳು ತಡೆಯನ್ನು ತಗ್ಗಿಸುತ್ತವೆ; ಎರಡು ಮುಂಚಕ್ರಗಳ ಟ್ರೈಕಿನಲ್ಲಿ ಈ ಜೋಡಣೆ ತುಸು ತಪ್ಪಿದರೂ ಟೈರು ಉರುಳುವುದರ ಜೊತೆಗೆ ಅಡ್ಡಕ್ಕೆ ಉಜ್ಜುತ್ತ ಪೆಟ್ರೋಲನ್ನೂ ರಬ್ಬರನ್ನೂ ಒಟ್ಟಿಗೆ ಸವೆಸುತ್ತದೆ. ಬೇಡದ ಸಾಮಾನನ್ನೂ ಹಿಂದೆ ಕಟ್ಟುವ ಟ್ರೇಲರನ್ನೂ ಬಿಡುವುದು, ಅಗತ್ಯವಿಲ್ಲದಾಗ ವಿಂಡ್‌ಶೀಲ್ಡನ್ನು ಇಳಿಸುವುದು ತೂಕ ಮತ್ತು ಗಾಳಿಯ ಲೆಕ್ಕಕ್ಕೆ ಸೇರುತ್ತವೆ. ಎಂಜಿನ್ನಿಗೆ ಬೇಕಿಲ್ಲದಿದ್ದರೂ ದುಬಾರಿಯ ಹೆಚ್ಚು ಆಕ್ಟೇನಿನ ಪೆಟ್ರೋಲು ಹಾಕಿಸಿದರೆ ಮೈಲೇಜ್ ಏರುವುದಿಲ್ಲ, ಏಕೆಂದರೆ ಆಕ್ಟೇನ್ ಎಂಬುದು ಇಂಧನ ಅಕಾಲದಲ್ಲಿ ಸಿಡಿಯದಂತೆ ತಡೆಯುವ ಗುಣದ ಅಳತೆಯೇ ಹೊರತು ಅದರೊಳಗಿನ ಶಕ್ತಿಯ ಅಳತೆಯಲ್ಲ. ಇಂಧನ ಉಳಿಸುವುದಾಗಿ ಹೇಳಿಕೊಂಡು ಮಾರಾಟವಾಗುವ ಆಯಸ್ಕಾಂತವೇ ಮೊದಲಾದ ಸಾಧನಗಳನ್ನು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1970ರ ದಶಕದಿಂದಲೇ ಪರೀಕ್ಷಿಸುತ್ತ ಬಂದಿದ್ದು, ಅವುಗಳಲ್ಲಿ ಬಹುಪಾಲು ನಿಷ್ಪ್ರಯೋಜಕವೆಂದೋ ಅತ್ಯಲ್ಪ ಫಲದವೆಂದೋ ಕಂಡುಬಂದಿವೆ.

ಇವೆಲ್ಲಕ್ಕಿಂತ ದೊಡ್ಡ ಉಳಿತಾಯವಿರುವುದು ಸವಾರನ ಬಲಗೈಯಲ್ಲಿ. ಗಂಟೆಗೆ 90 ಕಿಲೋಮೀಟರಿನಲ್ಲಿ ಓಡುವ ಟ್ರೈಕು 110ಕ್ಕೆ ಏರಿದರೆ ಪ್ರತಿ ಕಿಲೋಮೀಟರಿಗೆ ಗಾಳಿಯನ್ನು ಸೀಳಲು ಬೇಕಾಗುವ ಶ್ರಮ ಸುಮಾರು ಒಂದೂವರೆ ಪಟ್ಟಾಗುತ್ತದೆ, ಮತ್ತು ಅಗಲವಾದ ಮುಂಭಾಗದ ಟ್ರೈಕಿಗೆ ಈ ಹೆಚ್ಚಳ ಕಿರಿದಾದ ಬೈಕಿಗಿಂತ ಭಾರವಾಗಿ ಬೀಳುತ್ತದೆ. 1974ರ ವೇಗಮಿತಿಯ ಹಿಂದಿದ್ದದ್ದೂ ಇದೇ ಗಣಿತ. ದ ದಿಯೋನ್ ಮತ್ತು ಬೂತೋನ್ ಹಗುರತನದಿಂದ, ಫೆಂಡ್ ಕಿರಿದಾದ ಆಕಾರದಿಂದ, ರೋಟಾಕ್ಸ್ ನಿಧಾನವಾಗಿ ಸುತ್ತುವ ಎಂಜಿನ್ನಿನಿಂದ ಇಂಧನ ಉಳಿಸಿದರು. ಕೊಂಡು ತಂದ ಟ್ರೈಕಿನ ಮೂಲ ತೂಕವನ್ನಾಗಲಿ ಅಗಲವನ್ನಾಗಲಿ ಎಂಜಿನ್ನನ್ನಾಗಲಿ ಮಾಲೀಕ ಬದಲಿಸಲಾರ. ಅವನು ಬದಲಿಸಬಲ್ಲದ್ದು ವೇಗವನ್ನು. ಆದ್ದರಿಂದ ಬಿಡಿಭಾಗಗಳ ಅಂಗಡಿಗೆ ಹಣ ಸುರಿಯುವ ಮುನ್ನ ಟ್ರೈಕಿನ ಸವಾರರು ಟೈರಿನ ಗಾಳಿಯನ್ನು ಸರಿಯಾಗಿಟ್ಟುಕೊಂಡು, ಒಂದು ಟ್ಯಾಂಕು ಪೆಟ್ರೋಲನ್ನು 90ರ ವೇಗದಲ್ಲಿ ಓಡಿಸಿ ಲೆಕ್ಕ ಬರೆದು ನೋಡಬೇಕು.