ಚೀಲದ ಮೇಲಿನ ಅಂಕಿ, ಬಕೆಟ್ಟಿನ ನೀರು

ತಾರಸಿಗೆ ಮೋಲ್ಡ್ ಹಾಕುವ ದಿನ ಮನೆಮಂದಿಯೆಲ್ಲ ಸೈಟಿನಲ್ಲಿರುತ್ತಾರೆ. ಪೂಜೆ ಆಗುತ್ತದೆ, ಇಂಜಿನಿಯರ್ ಬಂದು ಕಂಬಿಯ ಅಂತರ ಅಳೆಯುತ್ತಾರೆ, ಕೆಲಸದವರಿಗೆ ಊಟ ಹಾಕಿಸುತ್ತಾರೆ. ಅದೇ ಮನೆಯ ಗೇಟಿನಿಂದ ಪೋರ್ಟಿಕೋವರೆಗಿನ ಕಾಂಕ್ರೀಟು ಮಾತ್ರ ಗೃಹಪ್ರವೇಶ ಹತ್ತಿರ ಬಂದಾಗ ಮಿಕ್ಕ ಜಲ್ಲಿ, ಮಿಕ್ಕ ಸಿಮೆಂಟು, ಮಿಕ್ಕ ದುಡ್ಡಿನಲ್ಲಿ ಮುಗಿಯುತ್ತದೆ. ತಾರಸಿಗಾದರೆ ಸುಣ್ಣ ಬಳಿಯುತ್ತಾರೆ, ಹೆಂಚು ಹಾಸುತ್ತಾರೆ. ಗೇಟಿನ ಮುಂದಿನ ನೆಲಕ್ಕೆ ಯಾವ ಹೊದಿಕೆಯೂ ಇಲ್ಲ. ಮೇಲೆ ಬಿಸಿಲು, ಮಳೆ, ಕಾರಿನ ಚಕ್ರ. ಕೆಳಗೆ ಹಿಗ್ಗಿ ಕುಗ್ಗುವ ಮಣ್ಣು. ಕಾಂಕ್ರೀಟಿನ ಬಗ್ಗೆ ಇನ್ನೂರು ವರ್ಷಗಳಲ್ಲಿ ಕೂಡಿಬಂದ ತಿಳಿವಳಿಕೆ ಈ ನೆಲದವರೆಗೆ ಎಷ್ಟು ಇಳಿದಿದೆ ಎಂದು ನೋಡುವುದು ಈ ಲೇಖನದ ಉದ್ದೇಶ.

ಸಿಮೆಂಟಿಗೆ ಮುಂಚೆ ನಮ್ಮಲ್ಲಿದ್ದದ್ದು ಸುಣ್ಣದ ಗಾರೆ. ಸುಣ್ಣವನ್ನೂ ಮರಳನ್ನೂ ಗಾಣಕ್ಕೆ ಹಾಕಿ ಎತ್ತು ಕಟ್ಟಿ ಅರೆಯುತ್ತಿದ್ದರು. ಮದ್ರಾಸ್ ತಾರಸಿಯಲ್ಲಿ ಮರದ ತೊಲೆಗಳ ಮೇಲೆ ಚಿಕ್ಕ ಇಟ್ಟಿಗೆ ನಿಲ್ಲಿಸಿ, ಅದರ ಮೇಲೆ ಸುಣ್ಣ ಮತ್ತು ಇಟ್ಟಿಗೆಚೂರಿನ ಗಚ್ಚು ಹರಡಿ, ಹೆಂಗಸರು ಸಾಲಾಗಿ ಕೂತು ಮರದ ಬಡಿಗೆಗಳಿಂದ ದಿನಗಟ್ಟಲೆ ಬಡಿಯುತ್ತಿದ್ದರು. ಆ ಬಡಿತದಿಂದ ಗಚ್ಚಿನೊಳಗಿನ ಹೆಚ್ಚಿನ ನೀರು, ಗಾಳಿ ಹೊರಬಂದು ಅದು ಬಿಗಿಯಾಗುತ್ತಿತ್ತು. 1911ರಲ್ಲಿ ಕೆಲಸ ಆರಂಭವಾದ ಕೃಷ್ಣರಾಜಸಾಗರ ಅಣೆಕಟ್ಟೆಯ ಕಲ್ಲುಗಳನ್ನು ಕೂಡಿಸಿದ್ದು ಸುರ್ಕಿ ಗಾರೆ, ಅಂದರೆ ಸುಟ್ಟ ಜೇಡಿಮಣ್ಣಿನ ಪುಡಿ ಬೆರೆತ ಸುಣ್ಣ. ಸುಟ್ಟ ಮಣ್ಣಿನೊಳಗಿನ ಸಿಲಿಕಾ ಸುಣ್ಣದೊಂದಿಗೆ ನಿಧಾನವಾಗಿ ಕೂಡಿ, ನೀರಿನೊಳಗೂ ಗಟ್ಟಿಯಾಗುತ್ತದೆ. ಈ ನಿಧಾನದ ಗುಣ ಮುಂದಿನ ಕತೆಗೂ ಬೇಕಾಗುತ್ತದೆ.

ಇಂಗ್ಲೆಂಡಿನ ಲೀಡ್ಸ್‌ನ ಗಾರೆ ಕೆಲಸಗಾರ ಜೋಸೆಫ್ ಆಸ್ಪ್ಡಿನ್ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದದ್ದು 1824ರಲ್ಲಿ. ಇನ್ನೂ ಹೆಚ್ಚು ಕಾವಿನಲ್ಲಿ ಸುಟ್ಟ, ಈಗಿನ ಸಿಮೆಂಟಿಗೆ ಹತ್ತಿರವಾದ ಪುಡಿ ಬರಲು ಮತ್ತೆರಡು ದಶಕ ಹಿಡಿಯಿತು. ಭಾರತದಲ್ಲಿ 1904ರಲ್ಲಿ ಮದ್ರಾಸಿನಲ್ಲಿ ನಡೆದ ಪ್ರಯತ್ನ ಹೆಚ್ಚು ಕಾಲ ಬಾಳಲಿಲ್ಲ. 1914ರಲ್ಲಿ ಪೋರಬಂದರಿನ ಕಾರ್ಖಾನೆ ನೆಲೆಯೂರಿತು. ಕನ್ನಡನಾಡಿನ ಮಟ್ಟಿಗೆ ಆಗ ನಿಜಾಮರ ಆಡಳಿತದಲ್ಲಿದ್ದ ಶಹಾಬಾದ್ ಮೊದಲು, ಆಮೇಲೆ 1930ರ ದಶಕದ ಕೊನೆಗೆ ಭದ್ರಾವತಿ, ಸ್ವಾತಂತ್ರ್ಯದ ನಂತರ ಬಾಗಲಕೋಟೆ, ಅಮ್ಮಸಂದ್ರ, ವಾಡಿ. ಸುಣ್ಣದ ಕಲ್ಲು ಎಲ್ಲಿತ್ತೋ ಅಲ್ಲಿ ಚಿಮಣಿ ಎದ್ದಿತು.

ಕಾಂಕ್ರೀಟಿನ ಶಾಸ್ತ್ರದಲ್ಲಿ ನನ್ನ ಪ್ರಕಾರ ಅತಿ ದೊಡ್ಡ ತಿರುವು ಸಿಮೆಂಟಿನ ಕಾರ್ಖಾನೆಯಲ್ಲಿ ಆಗಲಿಲ್ಲ. 1918ರಲ್ಲಿ ಶಿಕಾಗೋದ ಲೂಯಿಸ್ ಸಂಸ್ಥೆಯಲ್ಲಿ ಡಫ್ ಏಬ್ರಮ್ಸ್ ಸಾವಿರಾರು ಮಾದರಿಗಳನ್ನು ಒಡೆದು ನೋಡಿ ಒಂದು ಸರಳ ಸಂಬಂಧವನ್ನು ಮುಂದಿಟ್ಟರು. ಚೆನ್ನಾಗಿ ಕೂರಿಸಿದ ಕಾಂಕ್ರೀಟಿನ ಬಲ ಮುಖ್ಯವಾಗಿ ಸಿಮೆಂಟಿಗೆ ಎಷ್ಟು ನೀರು ಬೆರೆಸಿದ್ದೀರಿ ಎಂಬುದರ ಮೇಲೆ ನಿಂತಿದೆ. ನೀರು ಹೆಚ್ಚಿದಷ್ಟೂ ಬಲ ಇಳಿಯುತ್ತದೆ. ಕಾರಣ ಕಷ್ಟದ್ದಲ್ಲ. ಸಿಮೆಂಟು ರಾಸಾಯನಿಕವಾಗಿ ಹಿಡಿದಿಟ್ಟುಕೊಳ್ಳುವ ನೀರು ಅದರ ತೂಕದ ಸುಮಾರು ಕಾಲು ಭಾಗ. ಉಳಿದದ್ದರಲ್ಲಿ ಬಹುಪಾಲು ಬೆರಕೆ ಹರಿಯಲೆಂದು ಹಾಕುವ ನೀರು. ಅದು ಆರಿಹೋದ ಮೇಲೆ ಅದರ ಜಾಗದಲ್ಲಿ ಕಣ್ಣಿಗೆ ಕಾಣದ ರಂಧ್ರಗಳು ಉಳಿಯುತ್ತವೆ. ಸಿಮೆಂಟಿನ ಅರ್ಧ ತೂಕದಷ್ಟು ನೀರು ಹಾಕುವಲ್ಲಿ ಮುಕ್ಕಾಲಿನ ಹತ್ತಿರ ಹೋದರೆ ಬಲದಲ್ಲಿ ಮೂರನೇ ಒಂದು ಪಾಲಾದರೂ ಹೋಯಿತು.

ನಮ್ಮ ಮಾನಕ ಐಎಸ್ 456 ಮೊದಲು ಬಂದದ್ದು 1953ರಲ್ಲಿ. ಸಿಮೆಂಟು, ಮರಳು, ಜಲ್ಲಿಗೆ ಮೇಸ್ತ್ರಿಗಳ ಬಾಯಲ್ಲಿರುವ ಒಂದು-ಎರಡು-ನಾಲ್ಕು ಎಂಬ ಲೆಕ್ಕ ಸುಮಾರಾಗಿ ಎಂ15ಕ್ಕೆ ಹೊಂದುತ್ತದೆ. 28ನೆಯ ದಿನ ಚದರ ಮಿಲಿಮೀಟರಿಗೆ 15 ನ್ಯೂಟನ್ ಒತ್ತಡ ತಾಳಬೇಕು ಎಂಬುದು ಅದರ ಅರ್ಥ. 2000ದ ಪರಿಷ್ಕರಣೆ ಕಂಬಿ ಹಾಕಿದ ಕಾಂಕ್ರೀಟಿಗೆ ಎಂ20ಕ್ಕಿಂತ ಕಡಿಮೆ ಕೂಡದು ಎಂದಿತು. ಆ ಪುಸ್ತಕದ ಒಂದು ಚಿಕ್ಕ ಕೋಷ್ಟಕ ಪ್ರತಿ ಸೈಟಿನ ಗೋಡೆಯ ಮೇಲೂ ಇರಬೇಕಿತ್ತು ಎಂದು ನನಗೆ ಅನಿಸುತ್ತದೆ: ಎಂ20ಕ್ಕೆ 50 ಕಿಲೋ ಸಿಮೆಂಟಿನ ಚೀಲವೊಂದಕ್ಕೆ ಜಲ್ಲಿ-ಮರಳು ಸೇರಿ 250 ಕಿಲೋ, ನೀರು ಹೆಚ್ಚೆಂದರೆ 30 ಲೀಟರ್. 15 ಲೀಟರಿನ ಬಕೆಟ್ಟಾದರೆ ಎರಡು. ಮರಳು ಒದ್ದೆಯಿದ್ದರೆ ಅದಕ್ಕೂ ಕಡಿಮೆ.

ಆದರೆ ಗಿರಾಕಿಯ ಕಣ್ಣು ಬಿದ್ದದ್ದು ಬೇರೆ ಅಂಕಿಯ ಮೇಲೆ. ಪರ್ಮಿಟ್ ಹಿಡಿದು ಸಿಮೆಂಟಿಗೆ ಕಾಯುವ ಕಾಲ 1982ರಲ್ಲಿ ಸಡಿಲವಾಗಿ, 1989ರಲ್ಲಿ ನಿಯಂತ್ರಣ ಪೂರ್ತಿ ಹೋಯಿತು. ಕಂಪನಿಗಳ ಪೈಪೋಟಿ ಶುರುವಾದ ಆ ವರ್ಷಗಳಲ್ಲೇ, 1987ರಲ್ಲಿ, 53 ಗ್ರೇಡಿಗೆ ಮಾನಕ ಬಂದಿತ್ತು. ಎನ್ನೂರಿನ ಪ್ರಮಾಣಿತ ಮರಳಿನೊಂದಿಗೆ ಬೆರೆಸಿದ ಗಾರೆಯ ಪುಟ್ಟ ಘನ ಪ್ರಯೋಗಾಲಯದಲ್ಲಿ ತಾಳುವ ಒತ್ತಡ ಅದು. ಅಂಗಳದ ಕಾಂಕ್ರೀಟು 53 ತಾಳುತ್ತದೆ ಎಂಬ ಭರವಸೆ ಅದರಲ್ಲಿಲ್ಲ. ಬೇಗ ಬಲ ಬರಬೇಕಾದ ಕಡೆ 53 ಗ್ರೇಡಿಗೆ ಅದರದೇ ಸ್ಥಾನವಿದೆ. ನುಣ್ಣಗೆ ಅರೆದ ಅದು ಬೇಗ ಕಾಯುತ್ತದೆ. ಬಿಸಿಲಿಗೆ ತೆರೆದ ತೆಳುವಾದ ನೆಲದಲ್ಲಿ ಇದು ಬಿರುಕಿಗೆ ಇಂಬು ಕೊಡುತ್ತದೆ.

ಹಾಗಾಗಿ ಗೇಟಿನ ಮುಂದಿನ ನೆಲಕ್ಕೆ ನಾನು ಪಿಪಿಸಿ ಅಥವಾ ಪಿಎಸ್‌ಸಿ ಎಂಬ ಬೆರಕೆ ಸಿಮೆಂಟನ್ನೇ ಹೇಳುತ್ತೇನೆ. ಮೊದಲನೆಯದರಲ್ಲಿ 15ರಿಂದ 35 ಶೇಕಡಾ ಹಾರುಬೂದಿ, ಎರಡನೆಯದರಲ್ಲಿ ಅದಕ್ಕಿಂತ ಹೆಚ್ಚಿನ ಪಾಲು ಉಕ್ಕಿನ ಕಾರ್ಖಾನೆಯ ಊದುಕುಲುಮೆಯ ಸ್ಲ್ಯಾಗ್. ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲು ಉರಿದ ಬೂದಿ, ತೋರಣಗಲ್ಲಿನ ಸ್ಲ್ಯಾಗ್ ಇವೇ ಸಿಮೆಂಟಿನ ಚೀಲ ಸೇರುತ್ತವೆ. "ಬೂದಿ ಬೆರೆಸಿದ ಮಾಲು" ಎಂಬ ಅನುಮಾನ ಇನ್ನೂ ಹೋಗಿಲ್ಲ. ಸಿಮೆಂಟು ಗಟ್ಟಿಯಾಗುವಾಗ ಹೊರಬರುವ ಸುಣ್ಣವನ್ನು ಬೂದಿ ಹೀರಿ, ಸುರ್ಕಿಯ ಹಾಗೆಯೇ ನಿಧಾನವಾಗಿ ರಂಧ್ರಗಳನ್ನು ತುಂಬುತ್ತದೆ. ನೀರು, ಉಪ್ಪು ಒಳಗೆ ಇಳಿಯುವುದು ಕಡಿಮೆಯಾಗುತ್ತದೆ. ಕರಾವಳಿಯ ಮನೆಗಳಿಗೆ ಇದು ಚಿಕ್ಕ ಲಾಭವಲ್ಲ. ಸುಟ್ಟ ಜೇಡಿಮಣ್ಣು ಮತ್ತು ಸುಣ್ಣದ ಕಲ್ಲಿನ ಪುಡಿಯನ್ನು ಒಟ್ಟಿಗೆ ಬೆರೆಸುವ ಎಲ್‌ಸಿ3 ಎಂಬ ಹೊಸ ಸಿಮೆಂಟಿಗೂ 2023ರಲ್ಲಿ ಭಾರತೀಯ ಮಾನಕ ಬಂದಿದೆ; ಐಐಟಿಗಳು ಅದರ ಸಂಶೋಧನೆಯಲ್ಲಿ ಪಾಲು ಪಡೆದಿವೆ. ಈ ಎಲ್ಲಕ್ಕೂ ಒಂದೇ ಷರತ್ತು, ಹೆಚ್ಚು ದಿನದ ತೇವ. ಸಾಮಾನ್ಯ ಸಿಮೆಂಟಿಗೆ 7 ದಿನ ಕ್ಯೂರಿಂಗ್ ಸಾಕಾದರೆ ಬೆರಕೆ ಸಿಮೆಂಟಿಗೆ ಕನಿಷ್ಠ 10, ಬಿಸಿ ಒಣಹವೆಯಲ್ಲಿ 14. ಪಿಪಿಸಿ ತಂದು ಮೂರೇ ದಿನ ನೀರು ಹೊಡೆದರೆ ಬೂದಿ ಬರೀ ಬೂದಿಯಾಗಿಯೇ ಉಳಿಯುತ್ತದೆ.

ಮರಳಿನ ಕತೆ ಚಿಕ್ಕದು, ನೋವಿನದು. ನದಿಪಾತ್ರಗಳನ್ನು ಬಗೆದು ಮುಗಿಸಿದ ಮೇಲೆ ಎಂ ಸ್ಯಾಂಡ್ ಬಂತು. 2016ರ ಐಎಸ್ 383 ತಯಾರಿಸಿದ ಮರಳಿಗೆ ಸ್ಪಷ್ಟ ಜಾಗ ಕೊಟ್ಟಿತು. ಒಳ್ಳೆಯ ಎಂ ಸ್ಯಾಂಡಿನಲ್ಲಿ ದೋಷವೇನಿಲ್ಲ. ಅದರ ಹೆಸರಿನಲ್ಲಿ ಕ್ರಷರ್ ಧೂಳು ಬಂದರೆ ಮಾತ್ರ ಅದು ನೀರು ಕುಡಿಯುತ್ತದೆ, ಹರಿಯುವುದಿಲ್ಲ, ಮೇಸ್ತ್ರಿ ಇನ್ನೊಂದು ಬಕೆಟ್ ಸುರಿಯುತ್ತಾನೆ. 1990ರ ದಶಕದಲ್ಲಿ ನಗರಗಳಿಗೆ ಬಂದ ರೆಡಿಮಿಕ್ಸ್ ಲಾರಿ ಅಳತೆಯ ಸಮಸ್ಯೆಯನ್ನು ಬಗೆಹರಿಸಿತು. ತುಂಬಿದ ಎರಡು ಗಂಟೆಯೊಳಗೆ ಸುರಿಯಬೇಕೆಂಬ ನಿಯಮವಿದೆ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ತಡವಾದ ಲಾರಿಗೆ ಸೈಟಿನಲ್ಲಿ ನೀರು ಬೆರೆಸಲು ಯಾರೂ ಒಪ್ಪಬಾರದು. ಒಂದು ಮನೆಯ ಅಂಗಳದಷ್ಟು ಕಡಿಮೆ ಮಾಲಿಗೆ ಲಾರಿ ಸಿಗುವುದೂ ಕಷ್ಟ, ಹಾಗಾಗಿ ಮಿಕ್ಸರ್ ಯಂತ್ರವೇ ಗತಿ.

ಇನ್ನು ಆ ನೆಲಕ್ಕೇ ಬರೋಣ. ತಾರಸಿಯ ಅಭ್ಯಾಸವನ್ನು ಹಾಗೇ ಇಲ್ಲಿಗೆ ತರುವುದರಿಂದ ಆಗುವ ಕೇಡು ಬಹಳ. ತಾರಸಿಯಲ್ಲಿ ನಡುವಿನ ಕಂಬಿ ಕೆಳಮಗ್ಗುಲಲ್ಲಿ ಇರಬೇಕು, ಏಕೆಂದರೆ ಅಲ್ಲಿ ಎಳೆತ ಕೆಳಗಿರುತ್ತದೆ. ನೆಲದ ಮೇಲೆ ಹಾಸುವ ಕಾಂಕ್ರೀಟಿಗೆ ಮಣ್ಣೇ ಆಸರೆ. ಅಲ್ಲಿ ಜಾಲರಿಯ ಕೆಲಸ ಬಿರುಕು ಅಗಲವಾಗದಂತೆ ಹಿಡಿದಿಡುವುದು, ಅದಕ್ಕೆ ಅದು ಮೇಲಿನ ಮೂರನೇ ಒಂದು ಭಾಗದಲ್ಲಿರಬೇಕು. ಆಗುವುದೇನು? ಜಾಲರಿಯನ್ನು ಮಣ್ಣಿನ ಮೇಲೆ ಹಾಸಿ, ಮಾಲು ಸುರಿಯುವಾಗ ಕೊಕ್ಕೆಯಿಂದ ಅಲ್ಲಲ್ಲಿ ಎತ್ತುತ್ತಾರೆ. ಕಾಲಿಟ್ಟ ಕಡೆ ಅದು ಮತ್ತೆ ತಳ ಸೇರುತ್ತದೆ. ತುಂಡುಕಲ್ಲಿನ ಆಸರೆಯ ಮೇಲೆ ನಿಲ್ಲಿಸಿ ಕಟ್ಟಲು ಅರ್ಧ ಗಂಟೆಯ ಕೆಲಸ.

ಬಿರುಕು ಬಾರದ ಕಾಂಕ್ರೀಟನ್ನು ಯಾರೂ ಕೊಡಲಾರರು. ನೀರು ಆರುತ್ತ ಕಾಂಕ್ರೀಟು ಕುಗ್ಗುತ್ತದೆ, ಕೆಳಗಿನ ನೆಲ ಅದನ್ನು ತಡೆಯುತ್ತದೆ, ಎಳೆತ ತಾಳುವ ಶಕ್ತಿ ಒತ್ತಡ ತಾಳುವುದರ ಹತ್ತನೇ ಒಂದು ಭಾಗದಷ್ಟೇ. ಮಾಡಬಹುದಾದದ್ದು ಬಿರುಕು ಎಲ್ಲಿ ಬರಬೇಕೆಂದು ಮೊದಲೇ ಗೊತ್ತುಮಾಡುವುದು. 100 ಮಿಲಿಮೀಟರ್ ದಪ್ಪದ ನೆಲಕ್ಕೆ ಎರಡೂವರೆಯಿಂದ ಮೂರು ಮೀಟರಿಗೊಂದು ಗೆರೆಯನ್ನು ದಪ್ಪದ ಕಾಲುಭಾಗದ ಆಳಕ್ಕೆ ಕೊಯ್ದರೆ, ಬಿರುಕು ಆ ಗೆರೆಯೊಳಗೆ ಅಡಗುತ್ತದೆ. ಹಾಕಿದ ಮಾರನೆಯ ದಿನದೊಳಗೆ ಕೊಯ್ಯಬೇಕು. ವಾರ ಬಿಟ್ಟು ಕೊಯ್ದರೆ ಬಿರುಕು ಆಗಲೇ ತನ್ನ ದಾರಿ ಹಿಡಿದಿರುತ್ತದೆ. ಮನೆಯ ಗೋಡೆ, ಕಂಬ, ಚೇಂಬರಿನ ಸುತ್ತಲೂ ನೆಲವನ್ನು ಬೇರೆಯಾಗಿಡಬೇಕು.

ಇನ್ನೊಂದು ಕೆಟ್ಟ ರೂಢಿಯೂ ಇದೆ. ತೆಳ್ಳಗಿನ ಮಾಲಿನಲ್ಲಿ ನೀರು ಮೇಲೆದ್ದು ನಿಂತಾಗ, ಅದು ಬೇಗ ಹೀರಲಿ ಎಂದು ಒಣ ಸಿಮೆಂಟು ಚೆಲ್ಲಿ ಕರಣೆಯಿಂದ ನಯಮಾಡುತ್ತಾರೆ. ಸಂಜೆಗೆ ನೆಲ ಕನ್ನಡಿಯಂತೆ ಹೊಳೆಯುತ್ತದೆ, ಮನೆಯವರಿಗೂ ಖುಷಿ. ಆ ಕಾಗದದಷ್ಟು ತೆಳುವಾದ ಪದರದ ಕೆಳಗೆ ನೀರು ಸಿಕ್ಕಿಬಿದ್ದಿದೆ. ಒಂದೆರಡು ಬೇಸಿಗೆಯಲ್ಲಿ ಅದು ಹಕ್ಕಳೆ ಏಳುತ್ತದೆ, ಗುಡಿಸಿದಷ್ಟೂ ಧೂಳು ಬರುತ್ತದೆ. ಮೇಲಿನ ನೀರು ಆರುವವರೆಗೆ ಕಾದು, ಮರದ ಹಲಗೆಯಿಂದ ಉಜ್ಜಿ, ಪೊರಕೆಯ ಗೆರೆ ಎಳೆದು ಬಿಟ್ಟರೆ ಮಳೆಗಾಲದಲ್ಲಿ ಕಾಲೂ ಜಾರದು.

ಕೆಂಪು ಮಣ್ಣಿನ ಊರುಗಳಲ್ಲಿ ನೆಲವನ್ನು ಚೆನ್ನಾಗಿ ದಮ್ಮಸು ಮಾಡಿ, ಗಟ್ಟಿ ಜಲ್ಲಿಯ ಹಾಸು ಕೊಟ್ಟರೆ ಕೆಲಸ ಆಗುತ್ತದೆ. ವಿಜಯಪುರ, ಗದಗ, ಧಾರವಾಡದ ಎರೆಮಣ್ಣಿನಲ್ಲಿ ಹಾಗಲ್ಲ. ಮಳೆಗೆ ಉಬ್ಬಿ ಬೇಸಿಗೆಗೆ ಬಾಯಿಬಿಡುವ ಆ ಮಣ್ಣಿನ ಮೇಲೆ ಎಂ30 ಹಾಕಿದರೂ ಒಡೆಯುತ್ತದೆ. ಅಲ್ಲಿ ಮೇಲಿನ ಎರೆ ತೆಗೆದು ಗರಸು ತುಂಬಿ ಬಿಗಿಮಾಡುವ ಖರ್ಚು ಸಿಮೆಂಟಿನ ಗ್ರೇಡಿಗೆ ಹಾಕುವ ದುಡ್ಡಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ನೆಲದ ಬದಿಗೆ ನೀರು ನಿಲ್ಲದಂತೆ ಕಾಲುವೆಯೂ ಬೇಕು.

ಇಡೀ ಸೈಟನ್ನು ಕಾಂಕ್ರೀಟಿನಿಂದ ಮುಚ್ಚುವ ಹುಚ್ಚು ಮಾತ್ರ ನನಗೆ ಒಪ್ಪಿಗೆಯಿಲ್ಲ. ಬೋರ್‌ವೆಲ್ ಬತ್ತುತ್ತಿರುವ ಊರಿನಲ್ಲಿ ಮಳೆನೀರನ್ನು ಚರಂಡಿಗೆ ಕಳಿಸಿದಂತಾಯಿತು. ಬರೀ ನಡೆದಾಡುವ ದಾರಿಗೆ ಮರಳಿನ ಹಾಸಿನ ಮೇಲೆ 60 ಮಿಲಿಮೀಟರಿನ ಇಂಟರ್‌ಲಾಕ್ ಕಲ್ಲು ಸಾಕು. ಪೈಪ್ ಒಡೆದರೆ ಕಿತ್ತು ಮತ್ತೆ ಜೋಡಿಸಬಹುದು. ಕಾರಿಗೆ ಚಕ್ರ ಹಾಯುವ ಎರಡು ಪಟ್ಟಿ ಹಾಕಿದರೂ ಆಯಿತು. ಮೂರು ಮೀಟರ್ ಅಗಲ, ಆರು ಮೀಟರ್ ಉದ್ದ, 125 ಮಿಲಿಮೀಟರ್ ದಪ್ಪದ ನೆಲಕ್ಕೆ 2.25 ಘನ ಮೀಟರ್ ಕಾಂಕ್ರೀಟು, ಅಂದರೆ ಎಂ20ಗೆ 16ರಿಂದ 18 ಚೀಲ ಸಿಮೆಂಟು. ಅಷ್ಟೇ ಉದ್ದಕ್ಕೆ 60 ಸೆಂಟಿಮೀಟರ್ ಅಗಲದ ಎರಡು ಪಟ್ಟಿಗೆ 0.9 ಘನ ಮೀಟರ್, ಸುಮಾರು 7 ಚೀಲ. ನಡುವೆ ಗರಿಕೆ ಬೆಳೆಯುತ್ತದೆ, ಉಳಿದ ದುಡ್ಡಿಗೆ ಎರಡು ವಾರ ಗೋಣಿಚೀಲ ಹೊದಿಸಿ ನೀರು ಹಾಕುವ ಆಳಿನ ಕೂಲಿ ಹುಟ್ಟುತ್ತದೆ.