ಇಲಿ ಬಿದ್ದರೆ ಊರು ಬಿಡುವುದು

ಮೈಸೂರು ಸಂಸ್ಥಾನಕ್ಕೆ ಪ್ಲೇಗು ಕಾಲಿಟ್ಟದ್ದು 1898ರಲ್ಲಿ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ರೋಗ ಹುಬ್ಬಳ್ಳಿಗೆ ಬಂದು, ಅಲ್ಲಿಂದ ರೈಲಿನ ಜೊತೆ ಆಗಸ್ಟಿನಲ್ಲಿ ಬೆಂಗಳೂರು ಮುಟ್ಟಿತು. ಆ ಹಳಿ ತುಂಗಭದ್ರೆಯನ್ನು ದಾಟುವುದು ಹರಿಹರದಲ್ಲಿ. ಹೊಳೆಯಾಚೆ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ. ನಂದಿಗುಡಿಯಂಥ ಹಳ್ಳಿಗಳು ಈಚೆಯ ಮೈಸೂರು ಸೀಮೆಯವು. ಪ್ರಯಾಣಿಕರನ್ನು ತಡೆದು ನೋಡಬಹುದಿತ್ತು. ಕಾಳಿನ ಚೀಲದೊಳಗಿನ ಇಲಿ, ಚಿಗಟಗಳನ್ನು ತಡೆಯುವವರಾರು?

ಹಳ್ಳಿಗರು ಕಣ್ಣಿಟ್ಟದ್ದು ಇಲಿಯ ಮೇಲೆ. ಸೂರಿನಿಂದ ಸತ್ತ ಇಲಿ ಬಿತ್ತೋ, ಮನೆಗೆ ಬೀಗ ಹಾಕಿ, ಪಾತ್ರೆಪಡಗ ದನಕರು ಸಮೇತ ಹೊಲಕ್ಕೆ ಹೋಗಿ ಗುಡಿಸಲು ಹಾಕುತ್ತಿದ್ದರು. ಮಧ್ಯ ಕರ್ನಾಟಕದ ಕೆಲವೆಡೆ ಈಗಲೂ ನಡೆಯುವ ಹೊರಬೀಡು ಇದಕ್ಕೆ ಹತ್ತಿರದ್ದು; ಆದರೆ ಅದು ಹಗಲೊಂದರ ಆಚರಣೆ, ಇದು ತಿಂಗಳುಗಟ್ಟಲೆಯ ವನವಾಸ. ಹಲವು ಊರುಗಳಲ್ಲಿ ಪ್ಲೇಗಮ್ಮನ ಗುಡಿಗಳೂ ಎದ್ದವು. ಚಿಗಟವೇ ರೋಗವಾಹಕವೆಂದು ಪಾಲ್-ಲೂಯಿ ಸಿಮೊಂಡ್ ಎಂಬ ವೈದ್ಯ 1898ರಲ್ಲೇ ತೋರಿಸಿದರೂ ಹೆಚ್ಚಿನವರು ಒಪ್ಪಲಿಲ್ಲ. 1905ರಲ್ಲಿ ನೇಮಕವಾದ ಪ್ಲೇಗು ಆಯೋಗದ ಪ್ರಯೋಗಗಳ ಬಳಿಕವೇ ಆ ಮಾತು ಸ್ಥಿರಪಟ್ಟಿತು. ಹಳ್ಳಿಯ ನಡೆ ಅಧಿಕಾರಿಗಳ ತಿಳಿವಳಿಕೆಗಿಂತ ಮುಂದಿತ್ತೆಂದೇ ಹೇಳಬೇಕು.

ಇಲಿಯನ್ನು ನೋಡಿಯೇ ಹೊರಡಬೇಕಾದದ್ದೇಕೆ ಎಂಬುದಕ್ಕೆ ಉತ್ತರ ರೋಗಾಣುವಿನ ಮೈಯಲ್ಲಿದೆ. ಪ್ಲೇಗಿನ ಬ್ಯಾಕ್ಟೀರಿಯಾದ ಹೊರಕವಚದಲ್ಲಿ, ಚಿಗಟದ ತಣ್ಣನೆಯ ಒಡಲಲ್ಲಿರುವಾಗ, ಆರು ಕೊಬ್ಬಿನ ಸರಪಳಿಗಳುಳ್ಳ ಅಣುಗಳಿರುತ್ತವೆ. ಮನುಷ್ಯನ 37 ಡಿಗ್ರಿ ಶಾಖದಲ್ಲಿ ಅವು ಹೆಚ್ಚಾಗಿ ನಾಲ್ಕಕ್ಕಿಳಿಯುತ್ತವೆ. ಆರನ್ನು ಕಂಡರೆ ದೇಹವನ್ನು ಎಚ್ಚರಿಸುವ ಟಿಎಲ್‌ಆರ್-4 ಎಂಬ ಗ್ರಾಹಕ, ನಾಲ್ಕಕ್ಕೆ ಅಷ್ಟಾಗಿ ಮಿಡಿಯದು. ಇದರ ಮೇಲೆ ಇನ್ನೊಂದು ಉಪಾಯ. ಹತ್ತಿರದ ಬಂಧುವಾದ ಯರ್ಸಿನಿಯಾ ಸ್ಯೂಡೋಟ್ಯೂಬರ್ಕ್ಯುಲೋಸಿಸ್ ಬ್ಯಾಕ್ಟೀರಿಯಾಕ್ಕಿರುವ ಉದ್ದನೆಯ ಸಕ್ಕರೆಯ ಹೊದಿಕೆಯನ್ನು ಪ್ಲೇಗಿನ ಬ್ಯಾಕ್ಟೀರಿಯಾ ಕಳೆದುಕೊಂಡಿದೆ. ಹಾಗೆ ಬಯಲಾದ ಒಳತಿರುಳು, ರಕ್ಷಣೆಯ ಪಹರೆಯವರಾದ ಡೆಂಡ್ರೈಟಿಕ್ ಜೀವಕೋಶಗಳ ಮೇಲಿನ ಡಿಸಿ-ಸೈನ್ ಗ್ರಾಹಕಕ್ಕೆ ಅಂಟಿಕೊಳ್ಳುತ್ತದೆಂದು 2008ರ ಸಂಶೋಧನೆ ತೋರಿಸಿತು. ಜೀವಕೋಶ ಅದನ್ನು ನುಂಗುತ್ತದೆ. ಹಿಡಿದದ್ದನ್ನು ದುಗ್ಧಗ್ರಂಥಿಗೆ ಒಯ್ದು ತೋರಿಸುವುದೇ ಈ ಜೀವಕೋಶದ ಕೆಲಸವಾದ್ದರಿಂದ ರೋಗಾಣುವಿಗೆ ಸವಾರಿ ಸಿಕ್ಕಂತಾಗುತ್ತದೆ. ಎಲ್ಲವೂ ಹೀಗೇ ಹೋಗುತ್ತವೆಂದಲ್ಲ. ದುಗ್ಧರಸದಲ್ಲಿ ತೇಲಿ ಸಾಗುವುದೂ ಉಂಟು. ದುಗ್ಧಗ್ರಂಥಿಯಲ್ಲಿ ರೋಗಾಣು ಬೆಳೆದು, ರಕ್ಷಣಾ ಜೀವಕೋಶಗಳೊಳಕ್ಕೆ ತನ್ನ ಪ್ರೋಟೀನುಗಳನ್ನು ಚುಚ್ಚಿ ಅವನ್ನು ನಿಷ್ಕ್ರಿಯಗೊಳಿಸುತ್ತದೆ. ತೊಡೆಸಂದು, ಕಂಕುಳಲ್ಲಿ ಗಡ್ಡೆ ಏಳುವುದು ಆಗಲೇ. ಇಲಿಯನ್ನು ನೋಡಿ ಹೊರಡದೆ ಜ್ವರಕ್ಕೆ ಕಾದರೆ, ಅದು ಏರುವ ಹೊತ್ತಿಗೆ ಮೈ ಸೋತಿರುತ್ತಿತ್ತು.

ಹಾಫ್‌ಕಿನ್ ಎಂಬ ವಿಜ್ಞಾನಿ 1897ರಲ್ಲಿ ಮೊದಲು ತನಗೇ ಚುಚ್ಚಿಕೊಂಡ ಲಸಿಕೆ ರೋಗದ ಅಬ್ಬರವನ್ನು ತಗ್ಗಿಸಿತಾದರೂ ಜನ ಸೂಜಿಗೆ ಹೆದರುತ್ತಿದ್ದರು. ಡಿಡಿಟಿ ಮತ್ತು ಸ್ಟ್ರೆಪ್ಟೊಮೈಸಿನ್ ಬಂದ ಮೇಲೆ ಊರು ಬಿಡುವ ಪಾಡು ತಪ್ಪಿತು. 1966ರಲ್ಲಿ ಕರ್ನಾಟಕದಲ್ಲಿ ದಾಖಲಾದ ರೋಗದ ನಂತರ, 1994ರವರೆಗೆ ಭಾರತದಲ್ಲಿ ಮನುಷ್ಯರಲ್ಲಿ ಪ್ಲೇಗು ವರದಿಯಾಗಲಿಲ್ಲ.