ಕಾಳಿ ಎಂಬ ನಾಯಿ

ಕ್ರಿ.ಶ. 949ರ ತಕ್ಕೋಲದ ಯುದ್ಧದ ಶೌರ್ಯಕ್ಕೆ ಮೆಚ್ಚಿ 'ಬೇಕಾದ್ದು ಕೇಳು' ಎಂದಾಗ, ಗಂಗರ ಬೂತುಗನ ಬಂಟ ಮಣಲೇರ ಊರು, ಹೊನ್ನು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಅರಮನೆಯ ನಾಯಿ ಹೊಸ ಒಡೆಯನಿಗೆ ಒಗ್ಗಿತು. ಮುಂದೆ ಕಾಡುಹಂದಿಯೊಡನೆ ಕಾದಾಡಿ, ಹಂದಿಯೊಂದಿಗೆ ತಾನೂ ಸತ್ತಿತು. ಮಣಲೇರ ಆತಕೂರಿನಲ್ಲಿ ಅದಕ್ಕೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟ. ಆ ಶಾಸನ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಫ್ಲ್ಯಾಟಿಗೆ ಹೋಗುವಾಗ ನಾಯಿಯನ್ನು ಹಳೇ ಬೀದಿಯಲ್ಲೇ ಬಿಟ್ಟುಹೋಗುವವರನ್ನು ಕಂಡರೆ ಈ ಕಲ್ಲು ನೆನಪಾಗುತ್ತದೆ. ನಾಯಿ ವಾಸನೆಯಿಂದ ಮನೆಯನ್ನು ಗುರುತಿಸುತ್ತದೆ. ಅದರ ಹಳೇ ಹಾಸನ್ನು ಒಗೆಯದೆ ಹೊಸ ಮನೆಯ ಮೂಲೆಯಲ್ಲಿ ಹಾಸಿ; ಊಟ, ತಿರುಗಾಟದ ಹೊತ್ತು ಬದಲಿಸಬೇಡಿ; ಮೊದಲ ಕೆಲವು ದಿನ ಒಂಟಿಯಾಗಿ ಬಿಡಬೇಡಿ. ಲಿಫ್ಟಿಗೆ ಹೆದರಿದರೆ ಬಲವಂತ ಮಾಡದೆ ಮೆಟ್ಟಿಲಿನಲ್ಲೇ ಕರೆದೊಯ್ಯಿರಿ. ಕಲ್ಲು ನೆಡಿಸುವಷ್ಟು ಅಲ್ಲದಿದ್ದರೂ, ಇಷ್ಟು ಋಣ ನಮ್ಮ ಮೇಲಿದೆ.